ಕಾಫಿ ಬೀಜ: ಆಯುವುದು, ಹುರಿಯುವುದು, ಇಳಿಸುವುದು

ಊರಿಗೆ ಹೋಗಿ ಹಿಂದಿರುಗುವಾಗ ನಮ್ಮಲ್ಲಿ ಬಹುಮಂದಿ ಕಾಫಿಪುಡಿಯ ಪೊಟ್ಟಣಗಳನ್ನು ಪೆಟ್ಟಿಗೆಯಲ್ಲಿಟ್ಟು ತರುವ ರೂಢಿಯುಂಟು. ಮೊದಲ ವಾರ ಸಾರನಾಥದ ಕೋಣೆಯೆಲ್ಲ ಚಿಕ್ಕಮಗಳೂರಿನ ಪರಿಮಳದಿಂದ ತುಂಬಿರುತ್ತದೆ. ಎರಡನೆಯ ವಾರಕ್ಕೆ ಅದು ಅರ್ಧಕ್ಕಿಳಿಯುತ್ತದೆ. ತಿಂಗಳು ಕಳೆಯಿತೆಂದರೆ ಬಣ್ಣವೊಂದು ಉಳಿದು ಗುಣವೆಲ್ಲ ಹಾರಿಹೋಗಿರುತ್ತದೆ. ಆಮೇಲೆ ಇಲ್ಲಿನ ಅಂಗಡಿಯ ಶೀಶೆಯ ಪುಡಿಯೇ ಗತಿ. ಈ ಕಷ್ಟಕ್ಕೆ ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತಿದ್ದ ಪರಿಹಾರವೊಂದಿದೆ. ಪುಡಿಯನ್ನು ತರಬೇಡಿ, ಹಸಿ ಬೀಜವನ್ನು ತನ್ನಿ. ಹುರಿಯುವ ಕೆಲಸವನ್ನು ಇಲ್ಲಿಯೇ, ನಿಮ್ಮ ಬಾಣಲೆಯಲ್ಲಿಯೇ ಮಾಡಿಕೊಳ್ಳಿ.

ಹುರಿಯದ ಬೀಜಕ್ಕೆ ಕಾಫಿಯ ವಾಸನೆಯಿಲ್ಲ, ನೋಡುವುದಕ್ಕೂ ಚೆಲುವಿಲ್ಲ. ಆದರೆ ತೇವ ತಗುಲದಂತೆ ಇಟ್ಟರೆ ಎಂಟು ಹತ್ತು ತಿಂಗಳು, ಜೋಪಾನ ಬಲ್ಲವರ ಮನೆಯಲ್ಲಿ ವರ್ಷದವರೆಗೂ ಇರುತ್ತದೆ. ಹುರಿದ ಬೀಜವಾದರೋ ಎರಡು ಮೂರು ವಾರ ಮಾತ್ರ ಚೆನ್ನಾಗಿರುತ್ತದೆ. ಪುಡಿ ಮಾಡಿದ್ದನ್ನು ವಾರದೊಳಗೆ ಮುಗಿಸತಕ್ಕದ್ದು. ಇದರ ಕಾರಣ ಸರಳವಾಗಿದೆ. ಬೀಜವನ್ನು ಹುರಿದಾಗಲೇ ಅದರೊಳಗೆ ಪರಿಮಳದ ಅಂಶಗಳು ಹುಟ್ಟುವುದು. ಹುಟ್ಟಿದೊಡನೆ ಅವು ಹಾರಿಹೋಗಲೂ ಗಾಳಿಯ ಆಮ್ಲಜನಕ ತಗುಲಿ ಕೆಡಲೂ ಆರಂಭಿಸುತ್ತವೆ. ಪುಡಿಯಾದಾಗ ಗಾಳಿ ತಗಲುವ ಮೈ ಬಹಳ ಪಾಲು ಹೆಚ್ಚುತ್ತದೆ, ಕೆಡುವ ವೇಗವೂ ಹಾಗೆಯೇ ಹೆಚ್ಚುತ್ತದೆ.

ಗಿರಣಿಯ ಲೆಕ್ಕದ ಪುಸ್ತಕದ ಮುಂದೆ ದಿನಗಳೆಯುವ ನನ್ನಂಥವನಿಗೆ ಮೊದಲು ತೋಚುವುದು ತೂಕದ ಪ್ರಶ್ನೆ. ಒಂದು ಲೋಟ ಕಾಫಿಗೆ 10 ಗ್ರಾಂ ಪುಡಿ ಎಂದಿಟ್ಟುಕೊಳ್ಳೋಣ. ದಿನಕ್ಕೊಂದು ಲೋಟವೆಂದರೆ ವರ್ಷಕ್ಕೆ 3,650 ಗ್ರಾಂ. ಹುರಿಯುವಾಗ ಬೀಜದ ತೂಕ ನೂರಕ್ಕೆ 15ರಿಂದ 20ರಷ್ಟು ಇಳಿಯುತ್ತದೆ. ಆದುದರಿಂದ ಒಬ್ಬನಿಗೆ ವರ್ಷಕ್ಕೆ ಸುಮಾರು ನಾಲ್ಕೂವರೆ ಕಿಲೋ ಹಸಿ ಬೀಜ ಬೇಕಾಯಿತು. ಐದರಲ್ಲೊಂದು ಪಾಲು ಚಿಕೋರಿ ಬೆರೆಸುವವರಿಗೆ ಮೂರೂವರೆ ಕಿಲೋ ಸಾಕು. ಎರಡು ಹೊತ್ತೂ ಬೇಕೆನ್ನುವವರು ಇಮ್ಮಡಿ ಮಾಡಿಕೊಳ್ಳಲಿ. ರೈಲಿನಲ್ಲಿ ತರಲಾರದ ಹೊರೆಯೇನೂ ಅಲ್ಲ. ಬೆಲೆಯನ್ನು ಹೋಲಿಸುವಾಗ ಹಸಿ ಬೀಜದ ಕಿಲೋ ಬೆಲೆಗೆ ಅದರ ಐದನೆಯ ಒಂದು ಪಾಲನ್ನು ಸೇರಿಸಿ. ಬಂದ ಮೊತ್ತವೇ ನಿಮಗೆ ಹುರಿದ ಬೀಜ ಬಿದ್ದ ಬೆಲೆ. ಅಂಗಡಿಯ ಪುಡಿಯ ಬೆಲೆಯನ್ನು ಅದರ ಪಕ್ಕದಲ್ಲಿ ಬರೆದು, ಅದರಲ್ಲಿ ಚಿಕೋರಿ ಎಷ್ಟೆಂಬುದನ್ನೂ ನೋಡಿದರೆ ಉಳಿತಾಯವೆಷ್ಟೆಂದು ತಾನೇ ತಿಳಿಯುತ್ತದೆ.

ಇನ್ನು ಬೀಜವನ್ನು ಆಯುವ ವಿಚಾರ. ಯೆಮನ್ ದೇಶದ ಮೋಕಾದಿಂದ ಬಾಬಾ ಬುಡನ್ ಎಂಬ ಫಕೀರರು ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಹದಿನೇಳನೆಯ ಶತಮಾನದ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಇಂದು ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳೇ ಅದಕ್ಕೆ ಆಧಾರ. ಹಣ್ಣು ಬಿಡಿಸುವುದು ನವೆಂಬರಿನಲ್ಲಿ ಆರಂಭವಾಗಿ ಫೆಬ್ರವರಿಯ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಹಿಂದೆ ಈ ಕೆಲಸಕ್ಕೆ ಕರಾವಳಿಯ ಜನ ಘಟ್ಟ ಹತ್ತುತ್ತಿದ್ದರು. ಈಚಿನ ವರ್ಷಗಳಲ್ಲಿ ಅಸ್ಸಾಮಿನಷ್ಟು ದೂರದಿಂದ ಬಂದ ಕೂಲಿಕಾರರೂ ತೋಟಗಳಲ್ಲಿ ಕಾಣುತ್ತಾರೆ. ನಾವು ಇತ್ತ ಬಂದೆವು, ಅವರು ಅತ್ತ ಹೋದರು. ಹೊಸ ಬೆಳೆ ಒಣಗಿ, ಸಿಪ್ಪೆ ತೆಗೆಸಿ, ಪೇಟೆಗೆ ಬರುವುದು ಯುಗಾದಿಯ ಆಸುಪಾಸಿನಲ್ಲಿ. ಹಬ್ಬಕ್ಕೋ ಬೇಸಗೆಯ ರಜಕ್ಕೋ ಊರಿಗೆ ಹೋಗುವವರಿಗೆ ಇದು ಅನುಕೂಲವಾದ ಕಾಲ. ದೀಪಾವಳಿಯಲ್ಲಿ ಕೊಳ್ಳುವ ಬೀಜ ಬಹುಮಟ್ಟಿಗೆ ಹಿಂದಿನ ಸಾಲಿನದು. ಅದನ್ನು ಇನ್ನೊಂದು ವರ್ಷ ಇಡುವ ಆಸೆ ಬೇಡ.

1942ರ ಕಾಯಿದೆಯಂತೆ ಏರ್ಪಟ್ಟ ಕಾಫಿ ಬೋರ್ಡಿನ ಸಂಗ್ರಹಕ್ಕೆ ಬೆಳೆಗಾರನು ತನ್ನ ಬೆಳೆಯನ್ನು ಒಪ್ಪಿಸಬೇಕಾಗಿದ್ದ ಕಾಲವೊಂದಿತ್ತು. ತೊಂಬತ್ತರ ದಶಕದಲ್ಲಿ ಈ ಕಟ್ಟು ಸ್ವಲ್ಪಸ್ವಲ್ಪವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಹೋಯಿತು. ಈಗ ಪರಿಚಯದ ಬೆಳೆಗಾರರಿದ್ದರೆ ಅವರಿಂದಲೇ ಕೊಳ್ಳಬಹುದು. ಇಲ್ಲದವರು ಚಿಕ್ಕಮಗಳೂರು, ಹಾಸನ, ಮಡಿಕೇರಿ, ಮೈಸೂರು, ಬೆಂಗಳೂರುಗಳಲ್ಲಿ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಗಳಲ್ಲಿ ವಿಚಾರಿಸಲಿ. ಬಾಯಿಬಿಟ್ಟು ಕೇಳಿದರೆ ಹಸಿ ಬೀಜವನ್ನೇ ತೂಗಿಕೊಡುವವರಿದ್ದಾರೆ. ಸಾರನಾಥದ ಟಿಬೆಟನ್ ವಿದ್ಯಾಸಂಸ್ಥೆಗೆ ಬೈಲಕುಪ್ಪೆಯ ಕಡೆಯಿಂದ ಓದಲು ಬರುವ ಹುಡುಗರ ಸ್ನೇಹ ನಿಮಗಿದ್ದರೆ ಇನ್ನೂ ಒಳ್ಳೆಯದು. ಕೊಡಗಿನ ಕುಶಾಲನಗರ ಅವರ ಊರಿಗೆ ತಾಗಿಯೇ ಇದೆ.

ಅಂಗಡಿಯವನು ಹೇಳುವ ಹೆಸರುಗಳನ್ನು ಕೇಳಿ ತಬ್ಬಿಬ್ಬಾಗಬೇಕಾಗಿಲ್ಲ. ಗಿಡದಲ್ಲಿ ಎರಡು ಜಾತಿ: ಅರೇಬಿಕ, ರೋಬಸ್ಟ. ಅರೇಬಿಕದ ಬೀಜ ನೀಳವಾಗಿದ್ದು ನಡುವಿನ ಗೆರೆ ಸೊಟ್ಟಗಿರುತ್ತದೆ. ಪರಿಮಳ ಹೆಚ್ಚು, ಬೆಲೆಯೂ ಹೆಚ್ಚು. ರೋಬಸ್ಟ ದುಂಡಗೆ, ಗೆರೆ ನೇರ. ಕಹಿಯೂ ಗಡುಸೂ ಹೆಚ್ಚು, ಕೆಫೀನೂ ಅರೇಬಿಕದ ಇಮ್ಮಡಿಯಷ್ಟು. ಇನ್ನು ಹದಮಾಡುವುದರಲ್ಲಿಯೂ ಎರಡು ಬಗೆ. ಹಣ್ಣಿನ ಸಿಪ್ಪೆ ಸುಲಿದು, ಲೋಳೆ ತೊಳೆದು ಒಣಗಿಸಿದ ಅರೇಬಿಕಕ್ಕೆ ಪ್ಲಾಂಟೇಷನ್ ಎಂದೂ, ಹಾಗೆಯೇ ತೊಳೆದ ರೋಬಸ್ಟಕ್ಕೆ ಪಾರ್ಚ್‌ಮೆಂಟ್ ಎಂದೂ ವ್ಯಾಪಾರದ ಹೆಸರು. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿ ಆಮೇಲೆ ಸಿಪ್ಪೆ ತೆಗೆದದ್ದು ಚೆರ್ರಿ. ಎ, ಬಿ, ಸಿ ಎಂಬ ಅಕ್ಷರಗಳು ರುಚಿಯ ದರ್ಜೆಯಲ್ಲ, ಜರಡಿಯ ಅಳತೆ. ಎ ಎಂದರೆ 6.65 ಮಿಲಿಮೀಟರ್ ಕಣ್ಣಿನ ಜರಡಿಯ ಮೇಲೆ ನಿಂತ ಬೀಜ, ಬಿ ಎಂದರೆ 6 ಮಿಲಿಮೀಟರ್ ಜರಡಿಯ ಮೇಲೆ ನಿಂತದ್ದು. ದೊಡ್ಡ ಬೀಜವೆಲ್ಲ ಒಳ್ಳೆಯ ಬೀಜವೆಂದು ತಿಳಿದು ದುಡ್ಡು ಸುರಿಯಬೇಕಾದುದಿಲ್ಲ.

ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೀಜ ಬೆನ್ನು ಹೊರಗೆ ಮಾಡಿ, ಚಪ್ಪಟೆಯ ಮುಖ ಒಳಗೆ ಮಾಡಿ ಕೂತಿರುತ್ತವೆ. ಅಪರೂಪಕ್ಕೆ ಒಂದೇ ಬೀಜ ಬೆಳೆದು ಬಟಾಣಿಯಂತೆ ದುಂಡಗಾಗುತ್ತದೆ. ಇದೇ ಪೀಬೆರಿ. ನಮ್ಮ ಮೈಸೂರಿನ ಹಿರಿಯರು ಪೀಬೆರಿ ಎಂದರೆ ಕಣ್ಣರಳಿಸುತ್ತಿದ್ದರು. ಅದರಲ್ಲಿ ಎರಡು ಬೀಜದ ಸತ್ತ್ವ ಸೇರಿದೆಯೆಂಬ ಅವರ ಮಾತಿಗೆ ನಾನು ಹೊಣೆಯಲ್ಲ. ಆದರೆ ಬಾಣಲೆಯಲ್ಲಿ ಹುರಿಯುವವನಿಗೆ ಅದರಲ್ಲೊಂದು ನಿಜವಾದ ಲಾಭವಿದೆ. ಚಪ್ಪಟೆ ಬೀಜ ಮುಖ ಕೆಳಗಾಗಿ ಬಿದ್ದರೆ ಅಲ್ಲಿಯೇ ಕೂತು ಸೀದುಹೋಗುತ್ತದೆ. ಪೀಬೆರಿ ಉರುಳುತ್ತದೆ, ಎಲ್ಲ ಕಡೆಯೂ ಸಮನಾಗಿ ಬೇಯುತ್ತದೆ. ಮೊದಲ ಸಲ ಹುರಿಯುವವರು ಪೀಬೆರಿಯಿಂದಲೇ ಆರಂಭಿಸುವುದು ಮೇಲು. ಹಾಲು ಬೆರೆಸಿ ಕುಡಿಯುವ ನಮ್ಮ ಕಾಫಿಗೆ ಅರೇಬಿಕ ಮೂರು ಪಾಲು, ತೊಳೆದ ರೋಬಸ್ಟ ಒಂದು ಪಾಲು ಎಂಬುದು ನನಗೆ ಹಿಡಿಸಿದ ಬೆರಕೆ. ಕೈ ಬಿಗಿಯಿರುವ ತಿಂಗಳಲ್ಲಿ ಸಮಪಾಲು ಮಾಡಿದರೂ ಮೋಸವಿಲ್ಲ.

ಕೊಳ್ಳುವಾಗ ಒಂದು ಹಿಡಿ ಬೀಜವನ್ನು ಬಿಳಿಯ ಕಾಗದದ ಮೇಲೆ ಹರಡಿ ನೋಡಿ. ತೊಳೆದ ಬೀಜ ನೀಲಿ ಬೆರೆತ ಹಸುರು ಬಣ್ಣದಲ್ಲಿ ಒಂದೇ ಸಮನಾಗಿರಬೇಕು. ಚೆರ್ರಿಯಾದರೆ ಸ್ವಲ್ಪ ಹಳದಿ ಕಂದು. ಬೆಳ್ಳಗೆ ಬಿಳಿಚಿಕೊಂಡಿದ್ದರೆ ಹಳೆಯದು ಅಥವಾ ತೇವ ಕುಡಿದದ್ದು. ಸೂಜಿಮೊನೆಯ ತೂತುಗಳಿದ್ದರೆ ಕಾಯಿಕೊರಕ ಹುಳುವಿನ ಕೆಲಸ. ನಮ್ಮ ದೇಶದಲ್ಲಿ 1990ರಲ್ಲಿ ಮೊದಲು ಕಾಣಿಸಿಕೊಂಡ ಕೀಟವದು. ಕಪ್ಪು ಬೀಜ, ಒಡೆದ ಚೂರು ಹೆಚ್ಚಾಗಿರಬಾರದು. ಹಲ್ಲಿನಿಂದ ಕಚ್ಚಿದರೆ ಗುರುತು ಮೂಡದಷ್ಟು ಗಟ್ಟಿಯಿರಬೇಕು. ಮೂಗಿನ ಹತ್ತಿರ ಹಿಡಿದಾಗ ಮುಗ್ಗಲು ವಾಸನೆಯಾಗಲಿ ಹುಳಿತ ವಾಸನೆಯಾಗಲಿ ಬಂದರೆ ಎಷ್ಟು ಅಗ್ಗವಾದರೂ ಬೇಡ. ಹುಳಿತ ಬೀಜ ನಾಲ್ಕಾರು ಬಿದ್ದರೂ ಪಾತ್ರೆಯ ಕಾಫಿಯೆಲ್ಲ ಕೆಡುತ್ತದೆ. ಇಲ್ಲಿಗೆ ತಂದ ಮೇಲೆ ಬಟ್ಟೆಯ ಚೀಲದಲ್ಲಿಟ್ಟು ಒಣಗಿದ ಕಪಾಟಿನಲ್ಲಿಡಿ. ಆಷಾಢದಲ್ಲಿ ಮಳೆ ಹಿಡಿಯುವುದಕ್ಕೆ ಮೊದಲು ಅದನ್ನು ಬಿಗಿಮುಚ್ಚಳದ ಡಬ್ಬಿಗೆ ಬದಲಾಯಿಸಿ. ಗಂಗೆಯ ಬಯಲಿನ ಮಳೆಗಾಲದ ಗಾಳಿಯಲ್ಲಿ ಉಪ್ಪೇ ನೀರಾಗುವಾಗ ಕಾಫಿ ಬೀಜ ಬೂಷ್ಟು ಹಿಡಿಯುವುದೇನು ಆಶ್ಚರ್ಯ!

ಈಗ ಹುರಿಯುವ ಕೆಲಸ. ದಪ್ಪ ತಳದ ಕಬ್ಬಿಣದ ಬಾಣಲೆ, ಮರದ ಸೌಟು, ಆರಿಸಲು ಒಂದು ಮೊರ; ಇಷ್ಟೇ ಸಲಕರಣೆ. ಒಂದು ಸಲಕ್ಕೆ 200 ಗ್ರಾಮಿಗಿಂತ ಹೆಚ್ಚು ಹಾಕಬೇಡಿ, ಕೈಗೆ ಸಿಕ್ಕದು. ಒಗ್ಗರಣೆಯ ಬಾಣಲೆಯಾದರೆ ಮೊದಲು ಚೆನ್ನಾಗಿ ತಿಕ್ಕಿ ತೊಳೆದು ಬರಿದಾಗಿ ಕಾಯಿಸಿ. ಸಾಸಿವೆ ಎಣ್ಣೆಯ ವಾಸನೆಯನ್ನು ಕಾಫಿಯಷ್ಟು ಬೇಗ ಹೀರುವ ಪದಾರ್ಥ ಮತ್ತೊಂದಿಲ್ಲ. ಹೊಗೆ ಬರುವ ಕೆಲಸವಾದ್ದರಿಂದ ಕಿಟಕಿ ತೆರೆದಿರಲಿ. ತಾರಸಿಯ ಮೇಲೆ ಒಲೆಯಿಟ್ಟರೆ ಇನ್ನೂ ಉತ್ತಮ, ನೆರೆಯವರೊಡನೆ ಮನಸ್ತಾಪ ತಪ್ಪುತ್ತದೆ. ಅರೇಬಿಕ, ರೋಬಸ್ಟಗಳನ್ನು ಬೆರೆಸಿ ಹುರಿಯಬಾರದು. ಎರಡರ ಹದವೂ ಬೇರೆ. ಬೇರೆಬೇರೆ ಹುರಿದು ಆಮೇಲೆ ಬೆರೆಸತಕ್ಕದ್ದು.

ಬಾಣಲೆ ಕಾದ ಮೇಲೆ ಬೀಜ ಸುರಿದು ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಲೇ ಇರಬೇಕು. ನಡುವೆ ಎದ್ದು ಹೋಗುವಂತಿಲ್ಲ, ಬಾಗಿಲಿಗೆ ಯಾರೇ ಬರಲಿ. ಮೊದಲ ನಾಲ್ಕೈದು ನಿಮಿಷ ಏನೂ ನಡೆಯದಂತೆ ತೋರುತ್ತದೆ. ಬೀಜದೊಳಗಿನ ತೇವ ಹೊರಗೆ ಹೋಗುವ ಹೊತ್ತು ಅದು. ಹಸುರು ಮಾಸಿ ಹಳದಿಯಾಗುತ್ತದೆ, ಒಣಹುಲ್ಲಿನ ವಾಸನೆ ಬರುತ್ತದೆ. ಬಳಿಕ ದಾಲ್ಚಿನ್ನಿಯ ಬಣ್ಣಕ್ಕೆ ತಿರುಗಿ ರೊಟ್ಟಿ ಸುಟ್ಟಂಥ ಪರಿಮಳ ಏಳುತ್ತದೆ. ತೆಳ್ಳನೆಯ ಬೆಳ್ಳಿಸಿಪ್ಪೆ ಕಳಚಿ ಹಾರಾಡತೊಡಗುತ್ತದೆ. ಎಂಟು ಹತ್ತು ನಿಮಿಷದ ಹೊತ್ತಿಗೆ ಭತ್ತದ ಅರಳು ಸಿಡಿದಂತೆ ಚಟಪಟ ಸದ್ದು ಕೇಳುತ್ತದೆ. ಬೀಜದ ಶಾಖ ಆಗ ಸುಮಾರು 200 ಡಿಗ್ರಿ ಸೆಂಟಿಗ್ರೇಡ್. ಒಳಗಿನ ಹಬೆಯೂ ಅನಿಲವೂ ಸೇರಿ ಬೀಜವನ್ನು ಬಿರಿಯಿಸುತ್ತವೆ. ಬೀಜ ಕಣ್ಣೆದುರಿಗೇ ಉಬ್ಬಿ ಒಂದೂವರೆ ಪಾಲಾಗುತ್ತದೆ.

ಈ ಮೊದಲ ಸಿಡಿತ ನಿಂತು ಸ್ವಲ್ಪ ಹೊತ್ತು ಮೌನ. ಉರಿಯನ್ನು ಕೊಂಚ ತಗ್ಗಿಸಿ ಕಿವಿಯನ್ನು ಅಲ್ಲಿಯೇ ಇಟ್ಟಿರಿ. ಒಂದೆರಡು ನಿಮಿಷಕ್ಕೆಲ್ಲ ಎರಡನೆಯ ಸದ್ದು ಆರಂಭವಾಗುತ್ತದೆ. ಇದು ಸಣ್ಣದು, ಒಣ ಎಲೆಯನ್ನು ಮುರಿದಂತೆ. ಇದರ ಮೊದಲ ಒಂದೆರಡು ಚಟುಗು ಕೇಳಿದೊಡನೆ ಬಾಣಲೆಯನ್ನು ಇಳಿಸಿಬಿಡಬೇಕು. ಹಾಲಿನ ಕಾಫಿಗೆ ಸರಿಯಾದ ಹದ ಇದೇ. ಮೊದಲ ಸಿಡಿತದಲ್ಲಿಯೇ ಇಳಿಸಿದರೆ ಹುಳಿ ಹೆಚ್ಚಾಗಿ ಹಾಲಿನೊಡನೆ ಹೊಂದುವುದಿಲ್ಲ. ಎರಡನೆಯದು ಜೋರಾಗುವವರೆಗೆ ಬಿಟ್ಟರೆ ಎಣ್ಣೆ ಮೈಮೇಲೆ ಬಂದು, ಬೀಜ ಕರ್ರಗಾಗಿ, ಚಿಕ್ಕಮಗಳೂರಿನ ಬೀಜಕ್ಕೂ ಕಂಡಕಂಡ ಬೀಜಕ್ಕೂ ಭೇದವೇ ಉಳಿಯದು. ಎಲ್ಲವೂ ಒಂದೇ ಇದ್ದಲು. ಗಡಿಯಾರವನ್ನು ನಂಬುವುದಕ್ಕಿಂತ ಕಿವಿಯನ್ನೂ ಮೂಗನ್ನೂ ನಂಬುವುದು ಮೇಲು. ಜನವರಿಯ ಚಳಿಯಲ್ಲಿ ತಾರಸಿಯ ಮೇಲೆ ಹುರಿದರೆ ಇದೇ ಕೆಲಸಕ್ಕೆ ಐದಾರು ನಿಮಿಷ ಹೆಚ್ಚು ಹಿಡಿಯುತ್ತದೆ.

ಇಳಿಸಿದ ಬೀಜವನ್ನು ಬಾಣಲೆಯಲ್ಲಿಯೇ ಬಿಡಬಾರದು, ಅದರ ಕಾವಿನಲ್ಲಿಯೇ ಅದು ಬೇಯುತ್ತ ಹೋಗುತ್ತದೆ. ಕೂಡಲೇ ಮೊರಕ್ಕೆ ಸುರಿದು, ಕೇರಿ, ಬೀಸಣಿಗೆಯಿಂದ ಬೀಸಿ ಆರಿಸಿ. ಸಿಪ್ಪೆಯೆಲ್ಲ ಗಾಳಿಗೆ ಹಾರಿಹೋಗುತ್ತದೆ. ಸೀದ ಬೀಜಗಳನ್ನೂ ಬಿಳಿಚಿಕೊಂಡೇ ಉಳಿದ ಬೀಜಗಳನ್ನೂ ಆಗಲೇ ಆಯ್ದು ತೆಗೆಯಿರಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಆ ದಿನವೇ ಪುಡಿ ಮಾಡಿ ಕುಡಿಯುವ ಆತುರ ಬೇಡ. ಹೊಸದಾಗಿ ಹುರಿದ ಬೀಜದಿಂದ ಇಂಗಾಲದ ಡೈಆಕ್ಸೈಡ್ ಹೊರಡುತ್ತಲೇ ಇರುತ್ತದೆ. ಒಂದು ರಾತ್ರಿ ಕಳೆದರೆ ರುಚಿ ಕೂಡಿಬರುತ್ತದೆ.

ಪುಡಿ ಮಾಡುವುದಕ್ಕೆ ಕೈಯಿಂದ ತಿರುಗಿಸುವ ಕಾಫಿ ಗಿರಣಿಯಿದ್ದರೆ ಸರಿ. ಮಿಕ್ಸಿಯಾದರೆ ಒಂದೇ ಸಮನೆ ಓಡಿಸದೆ ತಡೆತಡೆದು ಓಡಿಸಿ, ಇಲ್ಲವಾದರೆ ಪುಡಿ ಬಿಸಿಯಾಗಿ ಪರಿಮಳ ಹೋಗುತ್ತದೆ. ಯಾವ ಕಾರಣಕ್ಕೂ ಮೊಹಲ್ಲೆಯ ಹಿಟ್ಟಿನ ಚಕ್ಕಿಗೆ ಕೊಡಬೇಡಿ. ನಿಮ್ಮ ಕಾಫಿಗೆ ಗೋಧಿಯ ವಾಸನೆಯೂ ಮುಂದಿನವರ ಚಪಾತಿಗೆ ಕಾಫಿಯ ವಾಸನೆಯೂ ತಪ್ಪದು. ಪುಡಿ ಸಣ್ಣ ರವೆಗಿಂತ ತುಸು ನಯವಾಗಿರಬೇಕು. ಹಿಟ್ಟಿನಂತಾದರೆ ಫಿಲ್ಟರಿನ ಕಣ್ಣು ಮುಚ್ಚಿಕೊಳ್ಳುತ್ತದೆ, ತರಿಯಾದರೆ ನೀರು ಸುಮ್ಮನೆ ಇಳಿದುಹೋಗುತ್ತದೆ.

ಚಿಕೋರಿಯ ವಿಷಯದಲ್ಲಿ ಎರಡು ಮಾತು. ಅದು ಕಾಫಿಯಲ್ಲ, ಒಂದು ಗಿಡದ ಬೇರು. ಒಣಗಿಸಿ ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ಬಣ್ಣವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಇಲ್ಲಿನವರು ಕಾಸನಿ ಎನ್ನುವ ಗಿಡ ಇದೇ. ಈ ಉತ್ತರಪ್ರದೇಶದ ಪಶ್ಚಿಮಕ್ಕೆ ಏಟಾ, ಕಾಸಗಂಜ್ ಕಡೆ ಅದನ್ನು ಬೆಳೆಯುತ್ತಾರೆ. ಅಂದರೆ ನಾವು ಬೆಂಗಳೂರಿನಿಂದ ಹೊತ್ತು ತರುವ ಪೊಟ್ಟಣದ ಒಂದು ಪಾಲು ಇಲ್ಲಿಂದಲೇ ಅಲ್ಲಿಗೆ ಹೋಗಿ ತಿರುಗಿ ಬಂದದ್ದಾಗಿರಬಹುದು! ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದೂ ಎಷ್ಟೆಷ್ಟಿದೆಯೆಂಬುದನ್ನು ಪೊಟ್ಟಣದ ಮೇಲೆ ಅಚ್ಚು ಮಾಡಬೇಕೆಂದೂ ಕಾನೂನಿದೆ. 51ಕ್ಕೆ ಎರಡೇ ಹೆಚ್ಚು ಸೇರಿಸಿ 53 ಎಂದು ಸಣ್ಣ ಅಕ್ಷರದಲ್ಲಿ ಬರೆದ ಪೊಟ್ಟಣಗಳಿರುವುದರಿಂದ, ಕನ್ನಡಕ ಹಾಕಿಕೊಂಡು ಓದಿ ಕೊಳ್ಳಿ. ಬಿಡಿಯಾಗಿ ಕೊಂಡ ಪುಡಿಯನ್ನು ಪರೀಕ್ಷಿಸಬೇಕಾದರೆ ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಉದುರಿಸಿ, ಕಲಕದೆ ನೋಡಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ಬೇಗ ಮುಳುಗುತ್ತದೆ. ಬೆರೆಸುವ ಇಷ್ಟವಿದ್ದವರು ಐದರಲ್ಲೊಂದು ಪಾಲು ಮೀರಬೇಡಿ. ಚಿಕೋರಿ ಗಾಳಿಯ ತೇವವನ್ನು ಹೀರಿ ಕಲ್ಲಿನಂತೆ ಗಟ್ಟಿಯಾಗುವ ಪದಾರ್ಥ. ಮಳೆಗಾಲದಲ್ಲಿ ಬೇರೆಯಾಗಿಟ್ಟು ಫಿಲ್ಟರಿಗೆ ಹಾಕುವಾಗ ಬೆರೆಸುವುದು ಜಾಣತನ.

ನಾಲ್ಕು ಲೋಟಕ್ಕೆ ಪುಡಿ 40 ಗ್ರಾಂ, ನೀರು 220 ಮಿಲಿ. ಪುಡಿ ತನ್ನ ತೂಕದ ಇಮ್ಮಡಿಯಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವ ಡಿಕಾಕ್ಷನ್ ಸುಮಾರು 140 ಮಿಲಿ. ಇಲ್ಲಿನ ಕೊಳವೆಬಾವಿಯ ನೀರು ಗಡುಸು. ಕೆಟಲಿನ ತಳದಲ್ಲಿ ಕೂರುವ ಬಿಳಿಯ ಪದರವೇ ಸಾಕ್ಷಿ. ಇಂಥ ನೀರಿನಲ್ಲಿ ಕಾಫಿಯ ಪರಿಮಳ ಮಂಕಾಗುತ್ತದೆ. ರಾತ್ರಿಯೇ ಕುದಿಸಿಟ್ಟು ಬೆಳಿಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಅರ್ಧ ದೋಷ ಹೋಗುತ್ತದೆ. ಚಳಿಗಾಲದಲ್ಲಿ ಫಿಲ್ಟರನ್ನು ಮೊದಲು ಬಿಸಿನೀರಿನಿಂದ ತೊಳೆದುಕೊಳ್ಳಿ, ತಣ್ಣನೆಯ ಲೋಹವೇ ನೀರಿನ ಕಾವನ್ನು ಕುಡಿದುಬಿಡುತ್ತದೆ. ಪುಡಿ ಹಾಕಿ, ಮೇಲಿನ ಬಿಲ್ಲೆಯಿಂದ ಮೆತ್ತಗೆ ಒತ್ತಿ. ಕುದಿ ಬಂದ ನೀರನ್ನು ಇಳಿಸಿ ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಹೊಯ್ದು, ಅದು ಉಬ್ಬಿದ ಮೇಲೆ ಉಳಿದದ್ದನ್ನು ಸುತ್ತ ಹೊಯ್ಯಿರಿ. ಪುಡಿ ಉಬ್ಬದಿದ್ದರೆ ಹಳೆಯದೆಂದು ತಿಳಿಯಬೇಕು. ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ತಟ್ಟಿ ಕುಟ್ಟಿ ಅವಸರಪಡಿಸಬೇಡಿ. ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಯ ಮೇಲಿಟ್ಟು ಕುದಿಸುವವರಿದ್ದಾರೆ. ಅಷ್ಟು ಹೊತ್ತು ಪಟ್ಟ ಶ್ರಮವನ್ನು ಕೈಯಾರೆ ಚೆಲ್ಲಿದಂತೆ. ಬಿಸಿ ಮಾಡಬೇಕಾದದ್ದು ಹಾಲನ್ನು.

ಇಲ್ಲಿ ಸಿಕ್ಕುವುದು ಹೆಚ್ಚಾಗಿ ಎಮ್ಮೆಯ ಹಾಲು. ಅದರಲ್ಲಿ ಕೊಬ್ಬು ನೂರಕ್ಕೆ ಏಳರಷ್ಟು, ಹಸುವಿನ ಹಾಲಿನ ಹೆಚ್ಚುಕಡಿಮೆ ಇಮ್ಮಡಿ. ಹಾಗೆಯೇ ಬೆರೆಸಿದರೆ ಕಾಫಿ ಖೀರಿನಂತಾಗುತ್ತದೆ. ಮೂರು ಪಾಲು ಹಾಲಿಗೆ ಒಂದು ಪಾಲು ನೀರು ಸೇರಿಸಿ ಒಂದೇ ಕುದಿ ಬರಿಸಿ. ಒಂದು ಪಾಲು ಡಿಕಾಕ್ಷನ್ನಿಗೆ ಎರಡು ಪಾಲು ಹಾಲು ಸರಿಹೋಗುತ್ತದೆ. ಬೆಲ್ಲ ಹಾಕುವ ಮಲೆನಾಡಿನವರು ಹಾಲಿನಲ್ಲಿ ಕುದಿಸದೆ ಲೋಟದಲ್ಲಿಯೇ ಬೆರೆಸಲಿ, ಹಾಲು ಒಡೆಯದು.

ಫಿಲ್ಟರ್ ಇಲ್ಲದವರಿಗೂ ದಾರಿಯುಂಟು. ಕುದಿ ಇಳಿಸಿದ ನೀರಿಗೆ ಪುಡಿ ಹಾಕಿ, ಒಮ್ಮೆ ಕಲಕಿ, ನಾಲ್ಕೈದು ನಿಮಿಷ ಮುಚ್ಚಿಟ್ಟು ತೆಳು ಬಟ್ಟೆಯಲ್ಲಿ ಸೋಸಿ. ಸೋಸುವ ಬಟ್ಟೆಗೆ ಸಾಬೂನು ಮುಟ್ಟಿಸದೆ ಬಿಸಿನೀರಿನಲ್ಲಿ ಮಾತ್ರ ಒಗೆದು ಬಿಸಿಲಿಗೆ ಹಾಕತಕ್ಕದ್ದು.

ಇಷ್ಟೆಲ್ಲ ರಗಳೆ ಒಂದು ಲೋಟ ಕಾಫಿಗೇಕೆ ಎಂದು ಕೇಳುವವರು ನಮ್ಮೊಳಗೇ ಇದ್ದಾರೆ. ಅವರಿಗೆ ನನ್ನ ಉತ್ತರವಿಷ್ಟೆ: ಕಾಶಿಯ ಹತ್ತಿರ ಮನೆ ಮಾಡಿದವನ ಬಾಗಿಲಿಗೆ ಊರಿನ ಹಿರಿಯರು ಇಂದಲ್ಲ ನಾಳೆ ಬಂದೇ ಬರುತ್ತಾರೆ. ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಕುಳಿತು, ನಿಲ್ದಾಣಗಳ ಸಿಹಿ ಚಹಾ ಕುಡಿದು ಬಾಯಿ ಕೆಟ್ಟು ಬಂದ ಅತ್ತೆ, ಸೋದರಮಾವಂದಿರಿಗೆ ಮದುವೆ ಮನೆಗಳಲ್ಲಿ ಇಲ್ಲಿನವರು ಕೊಡುವ ನೊರೆಯ ಕಾಫಿಯನ್ನು ಕೊಡಲಾದೀತೆ? ಕಾಶಿಗೆ ಬಂದವರು ಪ್ರಿಯವಾದ ಒಂದು ಪದಾರ್ಥವನ್ನು ಇಲ್ಲಿ ಬಿಟ್ಟು ಹೋಗುವ ಪದ್ಧತಿಯಿದೆ. ಹಾಗಲಕಾಯಿ ಬಿಟ್ಟವರನ್ನು ಕಂಡಿದ್ದೇನೆ, ಪಡವಲಕಾಯಿ ಬಿಟ್ಟವರನ್ನು ಕಂಡಿದ್ದೇನೆ. ಕಾಫಿ ಬಿಟ್ಟವರೊಬ್ಬರನ್ನೂ ಈವರೆಗೆ ಕಂಡಿಲ್ಲ.

ವಾಚನಾಲಯದ ಹಿಂದಿನ ಕಪಾಟಿನಲ್ಲಿ ಕೈಯಿಂದ ತಿರುಗಿಸುವ ಕಾಫಿ ಗಿರಣಿಯೊಂದನ್ನು ಇರಿಸಿದೆ. ಬೇಕಾದವರು ಪುಸ್ತಕದಲ್ಲಿ ಹೆಸರು ಬರೆದು ಭಾನುವಾರ ಒಯ್ಯಬಹುದು. ಹಿಂದಕ್ಕೆ ಕೊಡುವಾಗ ಒಣ ಬಟ್ಟೆಯಿಂದ ಒರೆಸಿ ಕೊಡಬೇಕು. ನೀರು ಹಾಕಿ ತೊಳೆಯಬಾರದು, ಹಲ್ಲುಗಳು ತುಕ್ಕು ಹಿಡಿಯುತ್ತವೆ.